ನಮ್ಮ ಮನೆಗೆ ಹರಳು ಒಗ್ಗಿದ್ದು

ನಮ್ಮ ಮನೆಯಲ್ಲಿ ಹೆದರುವುದಕ್ಕೆ ಕಾರಣ ಬೇಕಾಗಿರಲಿಲ್ಲ, ಹೆದರದೆ ಇರುವುದಕ್ಕೆ ಬೇಕಾಗಿತ್ತು. ಬೈಲಹೊಂಗಲದ ಪೇಟೆಯಲ್ಲಿ ಅರಳೆ ವ್ಯಾಪಾರದ ಮನೆ ನಮ್ಮದು. ಅಂಗಡಿಯಲ್ಲಿ ಅಪ್ಪನ ಮಾತು ನಡೆಯುತ್ತಿತ್ತು, ಮನೆಯಲ್ಲಿ ಅಪ್ಪನ ತಾಯಿಯದು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಊರಿಗೆ ಹೊರಟಾಗ ಹಲ್ಲಿ ಲೊಚಗುಟ್ಟಿದರೆ ಆಯಿ ಬಂಡಿಯ ಎತ್ತು ಬಿಚ್ಚಿಸುತ್ತಿದ್ದಳು. ಲೊಚಗುಟ್ಟದಿದ್ದರೆ, ಇವತ್ತು ಯಾಕೆ ಸುಮ್ಮನಿದೆ ಎಂದು ಮತ್ತೆ ಬಿಚ್ಚಿಸುತ್ತಿದ್ದಳು. ಇಂಥ ಮನೆಯಲ್ಲಿ ಹುಟ್ಟಿದವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಮನೆ ಕೇಳಿಕೊಂಡು ಬರುತ್ತವೆ. ನನ್ನ ನಿಶ್ಚಯದ ಉಂಗುರ ತಂದ ಪ್ರಸಂಗಗಳನ್ನಷ್ಟೇ ಇಲ್ಲಿ ಹೇಳುತ್ತೇನೆ. ಈಗ ನೆನೆದರೆ ನಗು ಬರುತ್ತದೆ. ಆಗ ಬಂದದ್ದು ಬೆವರು.

ನನಗೆ ಇಪ್ಪತ್ತು ದಾಟಿತ್ತು. ಆ ಕಾಲಕ್ಕೆ ಅದು ತಡವೇ. ಅದಕ್ಕೂ ಮೊದಲು ಕೂಡಿ ಬಂದಿದ್ದ ಸಂಬಂಧಗಳು ಆಯಿಯ ಹೆದರಿಕೆಯಿಂದಲೇ ಮುರಿದಿದ್ದವು. ಒಂದು ಹೆಣ್ಣಿನ ಮನೆಯ ಮಾಳಿಗೆಯ ಮೇಲೆ ಗೂಗೆ ಕುಳಿತಿತ್ತು. ಇನ್ನೊಂದು ಮನೆಯಲ್ಲಿ ಒಡೆದ ತೆಂಗಿನಕಾಯಿ ಕೊಳೆತಿತ್ತು. ಆಮೇಲೆ ಮನೋಳಿಯ ಹುಡುಗಿಯನ್ನು ನೋಡಲು ಹೋದೆವು. ಅವಳು ನೀರಿನ ತಂಬಿಗೆ ತಂದು ಕೊಟ್ಟಳು. ತಲೆ ಎತ್ತದೆ ಇಸಿದುಕೊಳ್ಳಲು ಹೋಗಿ ಅರ್ಧ ನೀರು ನನ್ನ ಧೋತರದ ಮೇಲೆಯೇ ಚೆಲ್ಲಿಕೊಂಡೆ. ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಳು. ನಗುವುದು ಕಾಣಬಾರದೆಂದು ಅವಳ ಲೆಕ್ಕ, ಆದರೆ ಭುಜ ಅಲುಗುತ್ತಿದ್ದವು. ಮದುವೆಯಾದರೆ ಇವಳನ್ನೇ ಎಂದು ನಾನು ಒದ್ದೆ ಧೋತರದಲ್ಲಿಯೇ ನಿಶ್ಚಯ ಮಾಡಿಬಿಟ್ಟೆ. ಯಾರ ಮುಂದೆಯೂ ಹೇಳುವ ಧೈರ್ಯವಾಗಲಿಲ್ಲ.

ಕೆಡಿಸಿದವನು ಕಿತ್ತೂರಿನ ಸೋದರಮಾವ. ಬೆಳಗಾವಿಯಲ್ಲಿ ಬಿಳಿ ದೊರೆಸಾನಿಯರ ಬೆರಳಿನ ಉಂಗುರ ನೋಡಿ ಬಂದಿದ್ದ. ಮನೋಳಿಯಲ್ಲಿ ಎಲೆಅಡಿಕೆ ಹಾಕುತ್ತ, ನಮ್ಮ ಕಡೆಯಿಂದ ಹುಡುಗಿಗೆ ವಜ್ರದ ಉಂಗುರ ಎಂದು ಮಾತು ಕೊಟ್ಟುಬಿಟ್ಟ. ನಮ್ಮ ಮನೆಯ ಹೊಸ್ತಿಲನ್ನು ಅದುವರೆಗೆ ವಜ್ರ ದಾಟಿರಲಿಲ್ಲ. ಕೇಳಿದ ಆಯಿ ಕಂಬ ಹಿಡಿದುಕೊಂಡು ಕುಳಿತಳು. ಬಂಗಾರವನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ವಜ್ರ ಹಾಗಲ್ಲ, ಅದು ಮನೆಗೆ ಒಗ್ಗಬೇಕು ಎಂಬುದು ನಮ್ಮ ಕಡೆಯವರೆಲ್ಲರ ನಂಬಿಕೆ. ಕೊಳ್ಳುವ ಮೊದಲು ಹರಳನ್ನು ಸೋಮವಾರದಿಂದ ಸೋಮವಾರದವರೆಗೆ ಮನೆಯಲ್ಲಿಟ್ಟು ನೋಡಬೇಕು. ಕೆಟ್ಟದ್ದೇನೂ ಆಗದಿದ್ದರೆ ಅದು ನಮ್ಮದು, ಏನಾದರೂ ಆದರೆ ಅಕ್ಕಸಾಲಿ ಪತ್ತಾರನಿಗೆ ವಾಪಸು. ಆಯಿ ಇದಕ್ಕೆ ತನ್ನದೊಂದು ಬಾಲ ಹಚ್ಚಿದಳು.

"ಹರಳ ಒಗ್ಗಲಿಲ್ಲಂದ್ರ ಹುಡಗೀನೂ ಒಗ್ಗಂಗಿಲ್ಲ. ತಿಳೀತಿಲ್ಲೋ?"

ತಿಳಿಯಿತು. ಅಂದಿನಿಂದ ನನ್ನ ನಿದ್ದೆ ಹೋಯಿತು.

ಮೊದಲು ನೋಡುವವರು ಯಾರು

ಪತ್ತಾರನ ಅಂಗಡಿಗೆ ಆಯಿ, ಅಪ್ಪ, ಮಾವ, ನಾನು ಎಲ್ಲರೂ ಹೋದೆವು. ಪತ್ತಾರ ನಮ್ಮ ಮನೆತನಕ್ಕೆ ಹಳಬ, ಒಳ್ಳೆಯ ಕೆಲಸಗಾರ, ಮಾತು ಮಾತ್ರ ತುಸು ಹೆಚ್ಚು. ಹರಳಿನ ಪುಡಿಕೆಯನ್ನು ಬಿಚ್ಚದೆ ಅಂಗೈಯಲ್ಲಿಟ್ಟುಕೊಂಡು ವಜ್ರದ ದೋಷಗಳನ್ನು ವಿವರಿಸತೊಡಗಿದ. ಕಪ್ಪು ಚುಕ್ಕೆ ಇದ್ದರೆ ರೋಗವಂತೆ. ಕಾಗೆಯ ಕಾಲಿನಂಥ ಗೆರೆ ಇದ್ದರೆ ಸಾವಂತೆ. ಕೆಂಪು ಚುಕ್ಕೆ ಇದ್ದರೆ ಮನೆಯೇ ನಿರ್ನಾಮವಂತೆ. ಇಷ್ಟು ಹೇಳಿ, ಈಗ ನೋಡ್ರಿ ಎಂದು ಪುಡಿಕೆ ಬಿಚ್ಚಿದ.

ಆಯಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ದೋಷವಿದ್ದರೆ ಮೊದಲು ನೋಡಿದವರಿಗೇ ಬಡಿಯುತ್ತದೆ ಎಂದು ಸೆರಗಿನೊಳಗಿನಿಂದಲೇ ಹೇಳಿದಳು. ಅಪ್ಪ ತನ್ನ ಕಣ್ಣು ಈಚೆಗೆ ಮಂಜಾಗಿವೆ ಎಂದು ಪತ್ತಾರನ ಕುಲುಮೆಯನ್ನು ನೋಡುತ್ತ ನಿಂತ. ಮಾವನಿಗೆ ಎತ್ತುಗಳಿಗೆ ನೀರು ಕುಡಿಸಿಲ್ಲವೆಂಬುದು ಅದೇ ಗಳಿಗೆಯಲ್ಲಿ ನೆನಪಾಯಿತು. ಪತ್ತಾರ ತಾನು ದಿನವೂ ನೋಡುವವನು, ತನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದ.

"ಮದುವಿ ಯಾರಿಗೆ ಬೇಕಾಗೇತೋ ಅವರು ನೋಡ್ಲಿ" ಎಂದಳು ಆಯಿ.

ನಾನು ನೋಡಿದೆ. ಜೋಳದ ಕಾಳಿನಷ್ಟು ಹರಳು. ಬಾಗಿಲಿನಿಂದ ಬಿಸಿಲು ಬಿದ್ದು ಕಣ್ಣು ಕೋರೈಸುತ್ತಿತ್ತು. ಅಂಜಿಕೆಗೆ ನನ್ನ ಕಣ್ಣಲ್ಲಿ ನೀರು ಬಂದು ಅದು ಒಂದಲ್ಲ, ನಾಲ್ಕಾರಾಗಿ ಕಾಣಿಸಿತು. ಚುಕ್ಕೆ ಇತ್ತೋ, ಕಾಗೆಯೇ ಇತ್ತೋ ದೇವರಿಗೆ ಗೊತ್ತು. ಚಲೋ ಐತಿ ಎಂದೆ. ಎಲ್ಲರೂ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ನಾನು ಸಾಯಲಿಲ್ಲ ಎಂದು ಖಾತ್ರಿಯಾದ ಮೇಲೆ ಮಾವ ಒಳಗೆ ಬಂದು, ಹರಳು ಚಲೋ ಇದೆಯೆಂದು ತಾನು ಮೊದಲೇ ಹೇಳಿರಲಿಲ್ಲವೇ ಎಂದು ಕೇಳಿದ.

ಪತ್ತಾರ ಹರಳನ್ನು ಒಂದು ಸಣ್ಣ ಕಟ್ಟಿಗೆಯ ಡಬ್ಬಿಯಲ್ಲಿಟ್ಟ. ಅವನ ಮುಂದೆ ಅಂಥದೇ ಇನ್ನೊಂದು ಡಬ್ಬಿ ಇತ್ತು. ಅದರಲ್ಲಿ ಹುಡುಗಿಯ ಬೆರಳಿನ ಅಳತೆಗೆ ಸುತ್ತಿದ ಹಿತ್ತಾಳೆ ತಂತಿಯ ಉಂಗುರವಿತ್ತು. ಅದನ್ನು ಮನೋಳಿಯಿಂದ ಕಳಿಸಿದ್ದರು. ಅವನು ಡಬ್ಬಿಗೆ ಕೆಂಪು ದಾರ ಸುತ್ತುವಷ್ಟು ಹೊತ್ತು ಆಯಿ, ವಜ್ರದಿಂದ ಯಾವ ಊರಿನಲ್ಲಿ ಯಾವ ಮನೆತನ ಅಳಿಯಿತು ಎಂದು ಬಿಡದೆ ಹೇಳುತ್ತಲೇ ಇದ್ದಳು. ಪಾಪ, ಅವನು ಸುತ್ತಿದ ದಾರವನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಡಬ್ಬಿಯನ್ನು ಬರಿಗೈಯಲ್ಲಿ ಹಿಡಿಯಲು ಆಯಿ ಬಿಡಲಿಲ್ಲ. ಪತ್ತಾರನ ಇಕ್ಕಳದಲ್ಲಿ ಹಿಡಿದುಕೊಂಡು ಪೇಟೆಯ ಉದ್ದಕ್ಕೂ ನಡೆದು ಬಂದೆ. ಎದುರಿಗೆ ಬಂದವರೆಲ್ಲ ಚೇಳು ಸಿಕ್ಕಿತೇನು ಎಂದು ವಿಚಾರಿಸಿದರು.

ಜಗಲಿಯ ಕೆಳಗಿನ ಇಲಿ

ಡಬ್ಬಿ ದೇವರ ಜಗಲಿಯ ಮೇಲೆ ಕುಳಿತಿತು. ಒಗ್ಗುವವರೆಗೆ ಯಾರೂ ಬಿಚ್ಚಿ ನೋಡಬಾರದು ಎಂದು ಆಯಿಯ ಕಟ್ಟಪ್ಪಣೆ. ಬಿಚ್ಚುವುದಿರಲಿ, ಅದರ ಕಡೆ ಬೆನ್ನು ಮಾಡಲೂ ನಮಗೆ ಧೈರ್ಯವಿರಲಿಲ್ಲ.

ಈ ಸೋಮವಾರದಿಂದ ಮುಂದಿನ ಸೋಮವಾರದವರೆಗೆ ನಮ್ಮ ಮನೆಯಲ್ಲಿ ಏನೂ ಆಗಬಾರದು ಎಂದು ನಾನು ಪಣ ತೊಟ್ಟೆ. ಅಪ್ಪ ಬಚ್ಚಲಿಗೆ ಹೊರಟರೆ ನಾನು ಮುಂದೆ ಓಡಿ ಹಾಸುಗಲ್ಲು ಒರೆಸುತ್ತಿದ್ದೆ. ಅವ್ವ ಒಲೆಯ ಮುಂದೆ ಕುಳಿತರೆ ಅವಳ ಸೆರಗು ಹಿಡಿದುಕೊಂಡು ನಿಲ್ಲುತ್ತಿದ್ದೆ. ಮದುವೆಯ ಹುಚ್ಚು ಹಿಡಿದವರನ್ನು ಬಹಳ ಕಂಡಿದ್ದೇನೆ, ಇಂಥದು ಕಂಡಿಲ್ಲ ಎಂದಳು ಅವ್ವ. ಎಷ್ಟು ಒರೆಸಿದರೂ ಅಪ್ಪ ಜಾರಿ ಬಿದ್ದೇ ಬಿದ್ದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಅಪ್ಪನಿಗೂ ಈ ಸಂಬಂಧ ಬೇಕಾಗಿತ್ತೆಂದು ನನಗೆ ಅಂದೇ ಗೊತ್ತಾದದ್ದು. ಸುಮ್ಮನೆ ಎದ್ದ. ಆಯಿಯ ಮುಂದೆ ನೆಟ್ಟಗೆ ನಡೆಯುವುದು, ಮರೆಯಾದ ಕೂಡಲೇ ಕುಂಟುವುದು, ಹೀಗೆ ದಿನ ಕಳೆದ. ಮರುದಿನ ಹಾಲು ಒಡೆಯಿತು. ಆಯಿಯ ಕಣ್ಣಿಗೆ ಬೀಳಬಾರದೆಂದು ಅಷ್ಟೂ ಹಾಲನ್ನು ನಾನೇ ಕುಡಿದೆ. ಆಮೇಲೆ ಹಿತ್ತಲಿಗೆ ಓಡಾಡಿದ್ದನ್ನೂ ಬಚ್ಚಿಡಬೇಕಾಗಿ ಬಂತು.

ಒಂದು ಮುಂಜಾನೆ ಆಯಿ ಪೂಜೆಗೆ ಕುಳಿತವಳು ಕೂಗಿದಳು. ಓಡಿ ಹೋಗಿ ನೋಡಿದರೆ ಜಗಲಿಯ ಕೆಳಗೆ ಸತ್ತ ಇಲಿ.

ಅದು ಪ್ಲೇಗಿನ ಕಾಲ. ಆಗ ಇಲಿ ಸತ್ತರೆ ಮನುಷ್ಯನ ಎದೆ ನಿಲ್ಲುತ್ತಿತ್ತು. ಇಲಿ ಬಿತ್ತೆಂದು ಹಿಂದಿನ ವರ್ಷ ಇಡೀ ಓಣಿಯೇ ಮನೆ ಬಿಟ್ಟು ಹೊಲದ ಗುಡಿಸಲು ಸೇರಿತ್ತು, ಎಲ್ಲರೂ ತಿರುಗಿ ಬಂದಿರಲಿಲ್ಲ. ನಾವು ಅದರ ಸುತ್ತ ದೂರ ನಿಂತೆವು. ಅಪ್ಪ ಕುಂಟುವುದನ್ನು ಮುಚ್ಚಿಡಲೂ ಮರೆತಿದ್ದ. ಆಯಿ ಕೈಮುಗಿದಿದ್ದಳು, ಅವಳನ್ನು ನೋಡಿ ನಾವೂ ಮುಗಿದೆವು. ನಿಜ ಹೇಳುತ್ತೇನೆ, ಆಗ ನನಗೆ ಮನೋಳಿಯೂ ನೆನಪಿರಲಿಲ್ಲ, ಜೀವವೊಂದು ಉಳಿದರೆ ಸಾಕಾಗಿತ್ತು. ಚಾವಡಿಗೆ ಹೇಳಿ ಕಳಿಸಬೇಕು ಎಂದು ಅಪ್ಪ ಮೆಲ್ಲಗೆ ಅನ್ನುವಷ್ಟರಲ್ಲಿ ನಮ್ಮ ಮನೆಯ ಬೆಕ್ಕು ಒಳಗೆ ಬಂತು. ನಮ್ಮನ್ನೆಲ್ಲ ಒಮ್ಮೆ ನೋಡಿತು. ತಾನು ಕೊಂದು ಇಟ್ಟು ಹೋಗಿದ್ದ ಇಲಿಯನ್ನು ಬಾಯಲ್ಲಿ ಹಿಡಿದುಕೊಂಡು ಹೊರಟಿತು. ತನ್ನ ನಾಷ್ಟಾದ ಸುತ್ತ ಇಷ್ಟು ಜನ ಕೈಮುಗಿದು ನಿಂತದ್ದನ್ನು ಅದು ಮೊದಲ ಸಲ ಕಂಡಿರಬೇಕು.

ರಾಮದುರ್ಗದ ಅತ್ತಿ ಹೇಳಿದ್ದು

ಹರಳನ್ನು ಉಂಗುರದಲ್ಲಿ ಹೇಗೆ ಕೂಡ್ರಿಸಬೇಕು ಎಂಬುದು ಇನ್ನೂ ಗೊತ್ತಾಗಿರಲಿಲ್ಲ. ಅದನ್ನು ಮಾತಾಡಲು ಮಾವ ಕಿತ್ತೂರಿನಿಂದ ಬಂದ. ಅಪ್ಪನ ಅಕ್ಕ, ನಮ್ಮ ಅತ್ತಿ, ಯಾರೂ ಕರೆಯದಿದ್ದರೂ ರಾಮದುರ್ಗದಿಂದ ಬಂದಳು.

ಮಾವನ ವಿಚಾರ ದೊರೆಸಾನಿಯರದ್ದು. ಹರಳು ಬಂಗಾರದ ಮೇಲೆ ಎತ್ತರಕ್ಕೆ ನಿಲ್ಲಬೇಕು, ಸುತ್ತಲೂ ಸಣ್ಣ ಉಗುರುಗಳು ಅದನ್ನು ಹಿಡಿದಿರಬೇಕು, ಕೆಳಗಿನಿಂದಲೂ ಬೆಳಕು ಹಾಯಬೇಕು. ಐದೂ ಬೆರಳು ಮೇಲೆ ಮಾಡಿ ಹಿಡಿದು ತೋರಿಸಿದ. ಉಗುರು ಇದ್ದದ್ದು ಒಂದಿಲ್ಲ ಒಂದು ದಿನ ಪರಚುತ್ತದೆ ಎಂದಳು ಆಯಿ.

ಆಗ ಅತ್ತಿ ಬಾಯಿ ತೆರೆದಳು. ರಾಮದುರ್ಗದಲ್ಲಿ ಅವಳ ಓಣಿಯ ಒಬ್ಬ ಹೆಂಗಸಿಗೆ ಇಂಥದೇ ಉಂಗುರವಿತ್ತಂತೆ. ರೊಟ್ಟಿಯ ಹಿಟ್ಟು ನಾದುವಾಗ ಹರಳು ಉಚ್ಚಿ, ಕಳಚಿ ಬಿದ್ದು, ಹಿಟ್ಟಿನೊಳಗೆ ಸೇರಿತಂತೆ. ಆ ರೊಟ್ಟಿಯನ್ನು ಗಂಡ ಉಂಡನಂತೆ. ವಜ್ರ ನುಂಗಿದವರ ಕರುಳು ಕತ್ತರಿಸಿ ಹೋಗುತ್ತದೆ ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡೆವು. ಅವನು ಸತ್ತನೇನು ಎಂದು ಅಪ್ಪ ಕೇಳಿದ.

"ಸಾಯಲಿಲ್ಲ, ಗಟ್ಟಿಮುಟ್ಟ ಅದಾನ. ಆದ್ರ ಅವನ ಹೇಣತಿ ಇವತ್ತಿನ ಮಟ ಅವನ್ನ ಎಲ್ಲಿಗೂ ಒಬ್ಬನ್ನ ಕಳಸೂದಿಲ್ಲ. ಹರಳ ಹೊಟ್ಟ್ಯಾಗ ಐತೆಲ್ಲ."

ಆಯಿ ತೀರ್ಮಾನ ಕೊಟ್ಟಳು. ಹರಳು ಒಗ್ಗಿದ್ದೇ ಆದರೆ ಅದನ್ನು ಬಂಗಾರದಲ್ಲಿ ಆಳಕ್ಕೆ ಹುಗಿಯಬೇಕು, ಹಿಟ್ಟಿಗೂ ಸಿಗಬಾರದು, ಹಲ್ಲಿಗೂ ಸಿಗಬಾರದು. ಹಾಗಾದರೆ ಕಣ್ಣಿಗಾದರೂ ಸಿಗಬೇಕೋ ಬೇಡವೋ ಎಂದು ಮಾವ ಸಿಟ್ಟಿನಿಂದ ಕೇಳಿದ.

"ಕಣ್ಣಿಗೆ ಯಾಕ ಬೇಕೋ? ಐತಿ ಅಂತ ನಮಗ ಗೊತ್ತಿದ್ರ ಸಾಕು."

ಡಬ್ಬಿ ಬಿಚ್ಚಿದ್ದು

ಸೋಮವಾರ ಪತ್ತಾರ ಬಂದ. ಆಯಿ ಅವನಿಗೆ ಮಣೆ ಹಾಕಿಸಿ, ಎದುರಿಗೆ ಕುಳಿತು, ಒಂದೊಂದನ್ನೇ ಹೇಳತೊಡಗಿದಳು. ಅಪ್ಪ ಜಾರಿ ಬಿದ್ದದ್ದು, ಹಾಲು ಒಡೆದದ್ದು, ಅದನ್ನು ಕುಡಿದ ಮೊಮ್ಮಗ ಹಿತ್ತಲಿನಲ್ಲೇ ಸಂಸಾರ ಹೂಡಿದ್ದು, ಇಲಿ ಬಿದ್ದದ್ದು. ನಾವು ಮುಚ್ಚಿಟ್ಟದ್ದೆಲ್ಲ ಅವಳಿಗೆ ಗೊತ್ತಿತ್ತು.

"ನಮ್ಮ ಮನಿಗೆ ಒಗ್ಗಲಿಲ್ರಿ ಪತ್ತಾರ್ರ. ತಗೊಂಡ ಹೋಗ್ರಿ" ಎಂದಳು.

ಗೋಡೆಯ ಕಡೆ ತಿರುಗಿ ನಿಂತವಳ ಭುಜ ನನ್ನ ಕಣ್ಣ ಮುಂದೆ ಬಂದವು. ಅಪ್ಪ ನೆಲ ನೋಡುತ್ತಿದ್ದ. ಪತ್ತಾರ, ವಾಪಸು ಒಯ್ಯುವಾಗ ನೋಡಿ ಒಯ್ಯುವುದು ತಮ್ಮ ಕಸುಬಿನ ರೀತಿ ಎಂದು ಕೆಂಪು ದಾರ ಬಿಚ್ಚಿದ. ಡಬ್ಬಿಯೊಳಗೆ ಹಿತ್ತಾಳೆಯ ತಂತಿ ಇತ್ತು.

ಅವನ ಮುಖ ಬಿಳಿಚಿತು. ಸಿರಸಂಗಿ ಕಾಳವ್ವನ ಆಣೆ ಮಾಡಿ ಹೇಳಿದ, ಅಂದು ಆಯಿಯ ಮಾತು ಕೇಳಿ ತಲೆ ಕೆಟ್ಟಿತ್ತು, ಡಬ್ಬಿ ಅದಲುಬದಲಾಗಿದೆ, ಹರಳು ತನ್ನ ಮನೆಯಲ್ಲೇ ಉಳಿದಿದೆ ಎಂದು. ಅದರಿಂದ ಅವರ ಮನೆಯಲ್ಲಿ ಏನಾಯಿತು ಎಂದು ಅತ್ತಿ ಆಸೆಯಿಂದ ಕೇಳಿದಳು. ಏನೂ ಆಗಿಲ್ಲ, ಅದು ಯಾರ ತಂಟೆಗೂ ಹೋಗದೆ ಕುಳಿತಿದೆ ಎಂದ ಪತ್ತಾರ.

ವಜ್ರ ಅಪವಾದದಿಂದ ತಪ್ಪಿಸಿಕೊಂಡಿತು, ಸರಿ. ಆದರೆ ನಮ್ಮ ಮನೆಯಲ್ಲಿ ಇಷ್ಟು ದಿನ ಪೂಜೆಗೊಂಡದ್ದು ಹುಡುಗಿಯ ಬೆರಳಿನ ಅಳತೆ. ಜಾರಿದ್ದು, ಒಡೆದದ್ದು, ಸತ್ತದ್ದು ಎಲ್ಲ ಈಗ ಅವಳ ಬೆರಳಿಗೇ ಅಂಟುವುದಲ್ಲ ಎಂದು ನನಗೆ ಹೊಳೆದ ಗಳಿಗೆಯಲ್ಲಿಯೇ ಆಯಿಗೂ ಹೊಳೆದಿರಬೇಕು. ಅವಳು ತಂತಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹುಡುಗಿಯ ಬೆರಳು ಬಹಳ ತೆಳ್ಳಗಿದೆ, ಇವಳು ಬೀಸುವುದು ಕುಟ್ಟುವುದು ಹೇಗೆ ಎಂದಳು. ಎಷ್ಟು ತೆಳ್ಳಗೆಂದು ನೋಡಲು ತನ್ನ ಬೆರಳಿಗೆ ಹಾಕಿಕೊಂಡು ಒತ್ತಿದಳು. ಅದು ಗೆಣ್ಣು ದಾಟಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಎಣ್ಣೆ ಹಚ್ಚಿದೆವು. ಅಂಟುವಾಳದ ನೊರೆ ಹಚ್ಚಿದೆವು. ಅತ್ತಿ ಬೆರಳಿಗೆ ದಾರ ಸುತ್ತಿ ಜಗ್ಗಿದಳು. ಬೆರಳು ಬಾತು ಬದನೆಕಾಯಿಯಾಯಿತು. ಪತ್ತಾರ ಕತ್ತರಿಸುತ್ತೇನೆ ಎಂದು ಕತ್ತರಿ ತೆಗೆದ. ಮದುವೆಯಾಗುವ ಹುಡುಗಿಯ ಅಳತೆಯನ್ನು ಕತ್ತರಿಸುವುದೇ ಎಂದು ಆಯಿ ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ಕಣ್ಣಲ್ಲಿ ನಿಜವಾದ ಅಂಜಿಕೆ ಇತ್ತು. ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಯಾರಿಗೋ ಸೋತವಳಂತೆ ಹೇಳಿದಳು.

"ಇದು ಹೋಗಾಕ ಬಂದಿದ್ದಲ್ಲ, ಇರಾಕ ಬಂದಿದ್ದು. ಅಳತಿ ಬಂದು ಹುಡುಗಿ ಬರದಿದ್ದರ ಮನಿ ಇನ್ನ ಹ್ಯಾಂಗ ಇರತೈತಿ? ಮನೋಳಿಗೆ ಹೇಳಿ ಕಳಸ್ರಿ."

ಅಪ್ಪ ಕುಂಟುತ್ತಲೇ ಎದ್ದು ಹೋಗಿ ಬಂಡಿ ಕಟ್ಟಿಸಿದ. ನನಗೆ ಅಳು ಬಂತು. ಯಾರೂ ನೋಡದಂತೆ ಹಿತ್ತಲಿಗೆ ಹೋದೆ. ಇನ್ನೂ ಹೊಟ್ಟೆ ನೆಟ್ಟಗಾಗಿಲ್ಲ ಪಾಪ ಎಂದು ಅತ್ತಿ ಹಿಂದಿನಿಂದ ಹೇಳುವುದು ಕೇಳಿಸಿತು.

ಉಂಗುರಕ್ಕೆ ಅಳತೆ ಏನು ಮಾಡಲಿ ಎಂದು ಪತ್ತಾರ ಕೇಳಿದ್ದಕ್ಕೆ ಆಯಿ, ತನ್ನ ಬೆರಳನ್ನೇ ನೋಡಿಕೊಂಡು ಮಾಡಿರಿ ಎಂದಳು. ಹರಳು ನಿಮ್ಮ ಮನೆಯಲ್ಲಿ ಯಾರನ್ನೂ ಕಾಡಿಲ್ಲವಲ್ಲ, ಅದಕ್ಕೆ ಇನ್ನೊಂದು ಸೋಮವಾರ ಬೇಡ ಎಂದೂ ಹೇಳಿದಳು. ಬಾತ ಬೆರಳಿನ ಅಳತೆ ತೆಗೆದುಕೊಂಡು ಅವನು ಹೋದ. ಮರುದಿನ ಬಾವು ಇಳಿದು, ನಾವು ಜಗ್ಗಿ ಜಗ್ಗಿ ಸಡಿಲಾಗಿದ್ದ ತಂತಿ ತಾನಾಗಿಯೇ ಕಳಚಿ ಅಂಗಳದಲ್ಲಿ ಬಿತ್ತು. ಆಯಿ ಅತ್ತ ಇತ್ತ ನೋಡಿದಳು. ಯಾರೂ ಇಲ್ಲವೆಂದುಕೊಂಡು ಅದನ್ನು ಮತ್ತೆ ಬೆರಳಿಗೆ ಹಾಕಿಕೊಂಡು, ಬೀಳದಂತೆ ದಾರ ಸುತ್ತಿದಳು.

ಬಾಯಲ್ಲಿ ಸಕ್ಕರೆ

ಮನೋಳಿಯಲ್ಲಿ ನಿಶ್ಚಯ. ಹುಡುಗಿಯ ಮನೆಯ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಎರಡೂ ಕಡೆಯ ಹಿರಿಯರು ಸಾಲಾಗಿ ಕುಳಿತಿದ್ದರು. ಪತ್ತಾರನೂ ಬಂದಿದ್ದ. ಆಯಿ ಹುಡುಗಿಯ ಬೆರಳಿಗೆ ಉಂಗುರ ಹಾಕಿದಳು. ಪತ್ತಾರ ಆಯಿ ಹೇಳಿದಂತೆಯೇ ಮಾಡಿದ್ದ. ದಪ್ಪ ಬಂಗಾರದ ನಡುವೆ ತಗ್ಗಿನಂಥ ಒಂದು ಸಣ್ಣ ಕುಣಿ, ಕುಣಿಯ ತಳದಲ್ಲಿ ಹರಳು. ಬಾವಿಯಲ್ಲಿ ಬಿದ್ದ ತಂಬಿಗೆಯನ್ನು ನೋಡಿದ ಹಾಗೆ ಬಗ್ಗಿ ನೋಡಬೇಕಾಗಿತ್ತು. ಉಂಗುರ ಅವಳ ಬೆರಳಿನಲ್ಲಿ ಗಿರಗಿರನೆ ತಿರುಗುತ್ತಿತ್ತು. ಅವಳು ಬೆರಳು ಮಡಚಿಕೊಂಡು ಹೇಗೋ ಸಂಭಾಳಿಸಿದಳು.

ಉಂಗುರ ಹಾಕಿದ ಮೇಲೆ ಹುಡುಗಿ ಕೈಯಾರೆ ಎಲ್ಲರಿಗೂ ಸಕ್ಕರೆ ಕೊಡಬೇಕು. ಅವಳು ಸಕ್ಕರೆ ತುಂಬಿದ ಅಗಲ ಪರಾತ ಹಿಡಿದು ಸಾಲಿನಲ್ಲಿ ಬಂದಳು. ಮುಷ್ಟಿ ಮುಷ್ಟಿ ಸಕ್ಕರೆ ಎಲ್ಲರ ಕೈಗೆ, ಕೈಯಿಂದ ಬಾಯಿಗೆ. ನನಗೂ ಕೊಟ್ಟಳು. ಅಂಜಿಕೆಯಲ್ಲಿ ಕರಗುವ ಮೊದಲೇ ಗಟಕ್ಕನೆ ನುಂಗಿಬಿಟ್ಟೆ. ಸಾಲು ಮುಗಿಯುವಷ್ಟರಲ್ಲಿ ಅವಳು ನಿಂತಳು. ಬೆರಳು ಬರಿದಾಗಿತ್ತು. ಪರಾತದ ಸಕ್ಕರೆಯಲ್ಲಿ ಕೈ ಆಡಿಸಿ ಉಂಗುರ ಹೊರಗೆ ತೆಗೆದಳು. ಆಯಿ ಅದನ್ನು ಕಸಿದುಕೊಂಡು ಬಗ್ಗಿ ನೋಡಿದಳು. ಕುಣಿಯ ತಳದಲ್ಲಿ ಹರಳು ಕಾಣಲಿಲ್ಲ.

"ಹರಳ ಉಚ್ಚೇತಿ. ಯಾರೂ ನುಂಗಬ್ಯಾಡ್ರಿ" ಎಂದಳು.

ಇಡೀ ಚಪ್ಪರ ಕಲ್ಲಾಯಿತು. ನುಂಗಿದರೆ ಜೀವಕ್ಕೆ ಕೇಡು. ನಿಶ್ಚಯದ ಸಕ್ಕರೆ ಉಗುಳಿದರೆ ಮದುವೆಗೆ ಕೇಡು. ಎರಡೂ ಮಾಡಲಾರದೆ ಎಲ್ಲರೂ ಕೆನ್ನೆ ಉಬ್ಬಿಸಿಕೊಂಡು, ಕರಗುವ ಸಕ್ಕರೆಯಲ್ಲಿ ನಾಲಗೆಯಿಂದ ವಜ್ರ ಹುಡುಕುತ್ತ ಕುಳಿತರು. ಮಾವ ಕಣ್ಣು ಮೇಲೆ ಮಾಡಿದ್ದ. ರಾಮದುರ್ಗದ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿರಲಿಲ್ಲ, ಆದರೆ ಅತ್ತಿ ಬಾಯಿ ತೆರೆಯುವಂತಿರಲಿಲ್ಲ. ಪತ್ತಾರ ಹರಳು ಉಚ್ಚಲು ಸಾಧ್ಯವೇ ಇಲ್ಲವೆಂದು ಎರಡೂ ಕೈಯಿಂದ ಸನ್ನೆ ಮಾಡುತ್ತಿದ್ದ, ಆದರೆ ತನ್ನ ಬಾಯಲ್ಲಿದ್ದದ್ದನ್ನು ಅವನೂ ನುಂಗಲಿಲ್ಲ. ನಮ್ಮ ಕಡೆ ನಿಶ್ಚಯವೆಂದರೆ ಯಾರಾದರೊಬ್ಬರು ಜಗಳ ತೆಗೆಯಲೇಬೇಕು. ಅಂದು ಒಬ್ಬ ಬೀಗನೂ ಒಂದು ಮಾತು ಎತ್ತಲಿಲ್ಲ.

ನನ್ನ ಸ್ಥಿತಿ ಬೇರೆ. ನಾನು ಆಗಲೇ ನುಂಗಿದ್ದೆ. ಹೊಟ್ಟೆಯಲ್ಲಿ ಏನೋ ಚುಚ್ಚಿದಂತಾಯಿತು, ಇನ್ನೊಂದು ಕಡೆಯೂ ಚುಚ್ಚಿತು. ಸಂಬಂಧ ಉಳಿಯಿತು, ನಾನು ಹೊರಟೆ ಎಂದುಕೊಂಡೆ. ಸಾಯುವ ಮೊದಲು ಒಮ್ಮೆ ಅವಳ ಮುಖವನ್ನಾದರೂ ನೋಡೋಣವೆಂದು ತಲೆ ಎತ್ತಿದೆ.

ಅವಳು ಆಯಿಯ ಕೈಯಿಂದ ಉಂಗುರ ಇಸಿದುಕೊಂಡು ಬೆಳಕಿಗೆ ಹಿಡಿದಿದ್ದಳು. ಸೆರಗಿನ ತುದಿಯನ್ನು ಹುರಿ ಮಾಡಿ ಕುಣಿಯೊಳಗೆ ತಿರುವಿದಳು. ಒಳಗೆ ಗಟ್ಟಿಯಾಗಿ ಕೂತಿದ್ದ ಸಕ್ಕರೆ ಉದುರಿತು. ತಳದಲ್ಲಿ ಹರಳು ಮಿಣುಕಿತು. ಅವಳ ಧ್ವನಿಯನ್ನು ನಾನು ಮೊದಲು ಕೇಳಿದ್ದು ಆಗಲೇ.

"ಹರಳ ಇಲ್ಲೇ ಐತ್ರಿ ಆಯಿ. ಎಲ್ಲಾರೂ ನುಂಗ್ರಿ."

ಚಪ್ಪರವೆಲ್ಲ ಒಟ್ಟಿಗೆ ಗುಟುಕರಿಸಿದ ಸದ್ದು ಬಂತು. ಕಣ್ಣಿಗೆ ಕಾಣಬಾರದು ಅಂತ ತಾನು ಮೊದಲೇ ಹೇಳಿರಲಿಲ್ಲವೇ ಎಂದಳು ಆಯಿ. ಹುಡುಗಿ ನನ್ನ ಕಡೆ ನೋಡಿದಳು. ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಹಣೆಯ ಮೇಲೆ ಬೆವರಿಟ್ಟುಕೊಂಡು ಕುಳಿತಿದ್ದೆ. ಅವಳು ಗೋಡೆಯ ಕಡೆ ತಿರುಗಿದಳು. ಭುಜ ಅಲುಗಿದವು.

ಮದುವೆಯಾದ ಮೇಲೆ ಅಂದು ನಾನು ನುಂಗಿದ್ದನ್ನೂ, ಅತ್ತಿ ಹೇಳಿದ್ದ ರಾಮದುರ್ಗದ ಗಂಡನ ಕಥೆಯನ್ನೂ ಅವಳಿಗೆ ಹೇಳಿದೆ. ಹೇಳಬಾರದಾಗಿತ್ತು. ಈಗ ನಮ್ಮಿಬ್ಬರ ತಲೆಯೂ ಬೆಳ್ಳಗಾಗಿದೆ. ಉಂಗುರ ಇನ್ನೂ ಅವಳ ಬೆರಳಿನಲ್ಲಿದೆ, ಬೀಳದಂತೆ ದಾರ ಸುತ್ತಿಕೊಂಡಿದ್ದಾಳೆ. ನಾನು ಒಬ್ಬನೇ ಸವದತ್ತಿಯ ಸಂತೆಗೆ ಹೊರಟರೆ ಇಂದಿಗೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಿಗೆ ಬರುತ್ತಾಳೆ.

"ಒಬ್ಬರ ಹೊಂಟ್ರೇನು? ತಡೀರಿ, ನಾನೂ ಬರತೇನಿ. ಹೊಟ್ಟ್ಯಾಗ ಹರಳ ಐತೋ ಏನೋ, ಯಾರಿಗೆ ಗೊತ್ತು."